ಲೈನ್ ಮನೆಯ ಬಾಣಂತಿಗೆ ಡಯಟ್ ಚಾರ್ಟ್ ಬೇಡ

ಕೊಡಗಿನ ಪೊನ್ನಂಪೇಟೆ ಕಡೆಯ ಕಾಫಿ ತೋಟದ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಹೆರಿಗೆಯಾಗಿ ನಾಲ್ಕೈದು ತಿಂಗಳಾದವರ ತೂಕ ಇಳಿಸಲು ಚಾರ್ಟ್ ಕೇಳಿದ್ದೀರಿ. ಓಟ್ಸ್, ಸೇಬು ಅಂತ ಬರೆದುಕೊಟ್ಟರೆ ಅದು ಗೋಡೆಗೆ ಅಂಟಿಸಲು ಸರಿ, ಅಷ್ಟೆ.

ದೊಡ್ಡ ತಪ್ಪು ಆಗುವುದು "ಅನ್ನ ಬಿಡಮ್ಮ" ಅನ್ನುವಲ್ಲಿ. ಹಾಲುಣಿಸುವವಳಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚೇ ಬೇಕು. ಬರೀ ಕಾಫಿ ಕುಡಿದು ಕೆಲಸಕ್ಕೆ ಇಳಿಯುವವಳಿಗೆ ಅನ್ನವನ್ನೂ ಬಿಡಿಸಿದರೆ ಹತ್ತು ಗಂಟೆಗೆ ತಲೆಸುತ್ತು. ಅದಕ್ಕೆ ಇನ್ನೊಂದು ಲೋಟ ಕಾಫಿ, ಜೊತೆಗೊಂದು ಬನ್ನು. ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದರೆ 10 ಗ್ರಾಂ, 40 ಕ್ಯಾಲೊರಿ. ಐದು ಲೋಟಕ್ಕೆ 200. ಬೆಲ್ಲ ಹಾಕಿದರೂ ಲೆಕ್ಕ ಹೆಚ್ಚುಕಮ್ಮಿ ಅದೇ. ರಾತ್ರಿ ಹಸಿವು ತಡೆಯದೆ ತಟ್ಟೆ ತುಂಬ ಅನ್ನ, ತಿಳಿಸಾರು. ಸೊಂಟದ ಸುತ್ತಳತೆ ಹಾಗೇ ಉಳಿಯುತ್ತದೆ, ಮೈಯಲ್ಲಿ ರಕ್ತ ಇರುವುದಿಲ್ಲ.

ಅನ್ನ ಬಿಡಿಸಬೇಡಿ, ಹೊತ್ತು ಬದಲಿಸಿ. ಕೆಲಸಕ್ಕೆ ಹೋಗುವ ಮುಂಚೆಯೇ ಎರಡು ಅಕ್ಕಿ ರೊಟ್ಟಿ, ಮೊಟ್ಟೆ ಅಥವಾ ಹೆಸರುಕಾಳಿನ ಪಲ್ಯ. 30 ಗ್ರಾಂ ಒಣ ಹೆಸರುಕಾಳಿನಲ್ಲಿ ಒಂದು ಮೊಟ್ಟೆಗೆ ಕಡಿಮೆ ಇಲ್ಲದಷ್ಟು ಪ್ರೋಟೀನ್ ಇದೆ. ಕಾಫಿ ಎರಡೇ ಲೋಟ. ಸಕ್ಕರೆ ವಾರಕ್ಕೆ ಅರ್ಧ ಚಮಚದಂತೆ ಇಳಿಯಲಿ. ರಾತ್ರಿ ಮೊದಲು ಸೊಪ್ಪು, ಆಮೇಲೆ ಅನ್ನ. ಮಳೆಗಾಲದಲ್ಲಿ ಕೆಸುವಿನ ಸೊಪ್ಪಿಗೆ ದುಡ್ಡು ಕೊಡಬೇಕಿಲ್ಲ, ಆದರೆ ಹುಣಸೆ ಹಾಕಿ ಚೆನ್ನಾಗಿ ಬೇಯಿಸಬೇಕು, ಇಲ್ಲದಿದ್ದರೆ ಗಂಟಲು ತುರಿಸುತ್ತದೆ. ಇದನ್ನೆಲ್ಲ ಅತ್ತೆಗೂ ಹೇಳಿ. ಒಲೆ ಅವರ ಕೈಯಲ್ಲಿರುತ್ತದೆ.

2017ರಿಂದ ಇರುವ ಸರ್ಕಾರದ ಮಾತೃಪೂರ್ಣ ಯೋಜನೆಯಲ್ಲಿ ಹೆರಿಗೆಯಾಗಿ ಆರು ತಿಂಗಳವರೆಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ, ಮೊಟ್ಟೆ, ಹಾಲು ಸಿಗುತ್ತದೆ. ತೋಟದಿಂದ ದೂರವಾದರೆ ಯಾರೂ ಹೋಗುವುದಿಲ್ಲ. ತೋಟದ ಹಾಜರಿ, ಲೆಕ್ಕ ನೋಡುವ ರೈಟರ್ ಹತ್ತಿರ ಮಾತಾಡಿ ಆ ಹೊತ್ತಿಗೆ ಬಿಡುವು ಕೊಡಿಸಿದರೆ ಅದೇ ನಿಮ್ಮಿಂದ ಆಗುವ ದೊಡ್ಡ ಉಪಕಾರ.

ಕಬ್ಬಿಣದ ಮಾತ್ರೆ ಹೆರಿಗೆಯ ನಂತರ 180 ದಿನ. ಕಾಫಿಯ ಜೊತೆ ನುಂಗಿದರೆ ಮೈಗೆ ಸರಿಯಾಗಿ ಹಿಡಿಯದು. ಒಂದೆರಡು ಗಂಟೆ ಬಿಟ್ಟು, ನಿಂಬೆಹಣ್ಣಿನ ನೀರಿನ ಜೊತೆ ಕೊಡಿ. ಹಿಮೋಗ್ಲೋಬಿನ್ 10ಕ್ಕಿಂತ ಕೆಳಗಿದ್ದರೆ ತೂಕದ ಮಾತು ಬಿಟ್ಟು ಮೊದಲು ವೈದ್ಯರಿಗೆ ತೋರಿಸಿ.

ಹದಿನೈದು ದಿನಕ್ಕೊಮ್ಮೆ ತೂಗಿದರೆ ಸಾಕು. ತಿಂಗಳಿಗೆ 2 ಕೆಜಿಗಿಂತ ಹೆಚ್ಚು ಇಳಿಯುವುದು ಬೇಡ. ವ್ಯಾಯಾಮ ಹೇಳಿಕೊಡುವ ಮುಂಚೆ ಆಕೆಯನ್ನು ಅಂಗಾತ ಮಲಗಿಸಿ, ಮಂಡಿ ಮಡಚಿ ತಲೆ ಎತ್ತಲು ಹೇಳಿ. ಹೊಕ್ಕುಳಿನ ಹತ್ತಿರ ಹೊಟ್ಟೆಯ ಸ್ನಾಯುಗಳ ನಡುವೆ ಎರಡು ಬೆರಳಿಗಿಂತ ಅಗಲದ ಬಿರುಕು ಕೈಗೆ ಸಿಕ್ಕರೆ ಎದ್ದು ಕೂರುವ ಕಸರತ್ತು ಬೇಡ, ಕಾಫಿ ಚೀಲ ಹೊರುವುದಂತೂ ಬೇಡವೇ ಬೇಡ.