ಊಸರವಳ್ಳಿ ಹಗಲಲ್ಲೇ ಕಣ್ಣು ಮುಚ್ಚುತ್ತಿದ್ದರೆ

ಬಟ್ಟಲಲ್ಲಿ ನೀರಿದ್ದರೂ ನಿಮ್ಮ ವೇಲ್ಡ್ ಊಸರವಳ್ಳಿ (ತಲೆಯ ಮೇಲೆ ಎತ್ತರದ ಶಿಖೆ ಇರುವ ಜಾತಿ) ಕುಡಿಯುತ್ತಿಲ್ಲ, ಗಾಜಿನ ತೊಟ್ಟಿಯಲ್ಲಿ ಹಗಲಲ್ಲೇ ಕಣ್ಣು ಮುಚ್ಚುತ್ತದೆ ಅಂದಿರಿ. ಹೆಚ್ಚಾಗಿ ನೀರಿನ ಕೊರತೆಯೇ ಕಾರಣ. ನಿಂತ ನೀರು ಅದರ ಗಮನಕ್ಕೇ ಬರುವುದು ಕಡಿಮೆ. ನನ್ನದಕ್ಕೂ ಹೀಗೇ ಆಗಿತ್ತು.

ಮೊದಲು ನೀರು. ಬೆಳಿಗ್ಗೆ ಲೈಟ್ ಹಾಕುವ ಮುಂಚೆ, ರಾತ್ರಿ ಆರಿಸಿದ ಮೇಲೆ, ಎಲೆಗಳಿಗೆ ಎರಡೆರಡು ನಿಮಿಷ ಸ್ಪ್ರೇ ಮಾಡಿ. ಹಗಲು ಮೇಲಿಂದ ಹನಿ ತೊಟ್ಟಿಕ್ಕಲಿ. ಎಲೆ ತುದಿಯಲ್ಲಿ ಹನಿ ತೂಗಾಡಿದಾಗ ಒಂದು ಕಣ್ಣು ಮೆಲ್ಲಗೆ ಅತ್ತ ತಿರುಗುತ್ತದೆ, ಆಮೇಲೆ ನೆಕ್ಕುತ್ತದೆ. ಆಗ ಹತ್ತಿರ ಹೋಗಬೇಡಿ, ನಿಲ್ಲಿಸಿಬಿಡುತ್ತದೆ.

ಆಮೇಲೆ ಗೂಡು. ಬೆಳೆದ ಊಸರವಳ್ಳಿಗೆ 2 ಅಡಿ ಅಗಲ, 2 ಅಡಿ ಆಳ, 4 ಅಡಿ ಎತ್ತರದ ಜಾಲರಿ ಗೂಡು ಬೇಕು. ಗಾಜಲ್ಲಿ ತನ್ನ ಬಿಂಬವನ್ನೇ ಬೇರೆ ಊಸರವಳ್ಳಿ ಅಂದುಕೊಂಡು ಬೆದರಬಹುದು. ಗೂಡನ್ನು ಎತ್ತರದಲ್ಲಿಡಿ. ಒಳಗೆ ಅಡ್ಡಡ್ಡ ಕೊಂಬೆ, ಅಡಗಿಕೊಳ್ಳುವಷ್ಟು ಮನಿ ಪ್ಲಾಂಟ್ ಅಥವಾ ದಾಸವಾಳ ಇರಲಿ.

ಶಾಖ ಕೊಡುವ ಬಲ್ಬ್ ಜಾಲರಿಯ ಹೊರಗಡೆ, ಮೇಲೆ ಇರಬೇಕು. ಬಿಸಿಲು ಕಾಯುವ ಕೊಂಬೆಯಲ್ಲಿ ಸುಮಾರು 30 ಡಿಗ್ರಿ ಸಾಕು. ಜೊತೆಗೆ ಉದ್ದನೆಯ ಯುವಿಬಿ (ಬಿಸಿಲಿನಲ್ಲಿರುವಂಥ ನೇರಳಾತೀತ ಕಿರಣ ಕೊಡುವ) ಟ್ಯೂಬ್, ದಿನಕ್ಕೆ 12 ಗಂಟೆ. ರಾತ್ರಿ ಪೂರ್ತಿ ಕತ್ತಲು.

ಕಣ್ಣು ಗುಳಿಬಿದ್ದಿದ್ದರೆ, ಅಥವಾ ಎರಡು ದಿನದಲ್ಲಿ ತೆರೆಯದಿದ್ದರೆ, ಕಾಯಬೇಡಿ. ಸೋಂಕೂ ಇರಬಹುದು, ಫೋಟೋ ನೋಡಿ ಹೇಳಲಾಗದು. ಸರೀಸೃಪ ನೋಡುವ ಪಶುವೈದ್ಯರಿಗೆ ತೋರಿಸಿ.