ಸಕ್ಕರೆ ಬಿಟ್ಟರೆ ಗೆಡ್ಡೆ ಸೊರಗುವುದೇ?

ಪ್ರಶ್ನೆ: ನನ್ನ ಅಣ್ಣನಿಗೆ 58 ವರ್ಷ. ಅಂಗಾಲಿನ ಕಪ್ಪು ಮಚ್ಚೆಯನ್ನು ತೋಟದಲ್ಲಿ ಮುಳ್ಳು ಚುಚ್ಚಿದ ಕಲೆಯೆಂದು ಕಡೆಗಣಿಸಿದ್ದೆವು. ಅದು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಎಂದು ತಡವಾಗಿ ತಿಳಿಯಿತು. ಶ್ವಾಸಕೋಶಕ್ಕೂ ಹರಡಿದ್ದರಿಂದ, ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ವಿರುದ್ಧ ಎಬ್ಬಿಸುವ ಇಮ್ಯುನೋಥೆರಪಿ ಆರಂಭಿಸಿದರು. ಮೊದಲು ಕುಗ್ಗಿದ ಗೆಡ್ಡೆಗಳು ಈಗ ಮತ್ತೆ ಬೆಳೆಯುತ್ತಿವೆ. ರಕ್ತದಲ್ಲಿ ಎಲ್‌ಡಿಎಚ್ ಎಂಬ ಕಿಣ್ವ ಏರಿದೆ, ಗೆಡ್ಡೆ ಆಹಾರವನ್ನು ಬಳಸಿಕೊಳ್ಳುವ ಚಯಾಪಚಯ ಕ್ರಿಯೆಯೂ ಔಷಧಕ್ಕೆ ಅಡ್ಡಿಯಾಗಿರಬಹುದು ಎಂದು ವೈದ್ಯರು ಹೇಳಿದರು. ಕ್ಯಾನ್ಸರಿಗೆ ಸಕ್ಕರೆಯೇ ಆಹಾರವೆಂಬ ನೆಂಟರ ಮಾತು ಕೇಳಿ ಅಣ್ಣ ಅನ್ನ, ಕಡಂಬುಟ್ಟು (ಅಕ್ಕಿ ತರಿಯ ಕಡುಬು), ಹಣ್ಣು ಎಲ್ಲವನ್ನೂ ಬಿಟ್ಟು ಬಡಕಲಾಗಿದ್ದಾರೆ. ಇದು ಸರಿಯೇ?
– ಒಬ್ಬ ಓದುಗರು, ಗೋಣಿಕೊಪ್ಪಲು

ಉತ್ತರ: ಸರಿಯಲ್ಲ. ಅಣ್ಣನವರು ದಯವಿಟ್ಟು ಊಟ ಮಾಡಲಿ.

ನೆಂಟರ ಮಾತಿನಲ್ಲಿ ಅರ್ಧ ಸತ್ಯವಿದೆ. ಆಮ್ಲಜನಕ ಸಿಗುವಾಗಲೂ ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ಅತಿಯಾಗಿ ಹೀರಿ ಲ್ಯಾಕ್ಟಿಕ್ ಆಮ್ಲವನ್ನು ಹೊರಬಿಡುತ್ತವೆ ಎಂಬುದನ್ನು ಜರ್ಮನಿಯ ಓಟೋ ವಾರ್ಬರ್ಗ್ 1920ರ ದಶಕದಲ್ಲೇ ಗಮನಿಸಿದ್ದರು. ದೇಹದೊಳಗಿನ ಚಿತ್ರ ತೆಗೆಯುವ ಪೆಟ್ ಸ್ಕ್ಯಾನ್ ಗೆಡ್ಡೆಯನ್ನು ಪತ್ತೆಹಚ್ಚುವುದೂ ಈ ಹಸಿವಿನಿಂದಲೇ. ಆದರೆ ಊಟ ಬಿಟ್ಟರೂ ಯಕೃತ್ತು ತಾನೇ ಗ್ಲೂಕೋಸ್ ತಯಾರಿಸಿ, ಅದಕ್ಕಾಗಿ ಸ್ನಾಯುಗಳನ್ನು ಕರಗಿಸಿಯಾದರೂ, ರಕ್ತದ ಮಟ್ಟವನ್ನು ಕಾಯ್ದುಕೊಳ್ಳುತ್ತದೆ. ಉಪವಾಸದಿಂದ ಸೊರಗುವವರು ಅಣ್ಣನವರು, ಗೆಡ್ಡೆಯಲ್ಲ.

ಚಯಾಪಚಯದ ತೊಡಕು ಇರುವುದು ಗೆಡ್ಡೆಯ ಒಳಾವರಣದಲ್ಲಿ. ಕೊಯ್ಲಿನ ಕಾಲದಲ್ಲಿ ಕಾಫಿ ಹಣ್ಣು ಸುಲಿಯುವ ಪಲ್ಪರ್ ಯಂತ್ರದ ನೀರು ತೋಡಿಗೆ ಸೇರಿದರೆ ಹಣ್ಣಿನ ಸಿಹಿ ಲೋಳೆ ಹುಳಿತು, ಆಮ್ಲಜನಕ ಇಳಿದು, ಮೀನುಗಳು ಉಸಿರುಗಟ್ಟುವುದನ್ನು ನೀವು ಕಂಡಿರಬಹುದು. ಗೆಡ್ಡೆಯೊಳಗೆ ನಡೆಯುವುದೂ ಹೆಚ್ಚುಕಡಿಮೆ ಇದೇ. ಪೆಂಬ್ರೊಲಿಝುಮ್ಯಾಬ್, ನಿವೊಲುಮ್ಯಾಬ್‌ನಂತಹ ಔಷಧಗಳು ಪಿಡಿ-1 ಎಂಬ ತಡೆಯನ್ನು ಸಡಿಲಿಸಿ ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳನ್ನು ದಾಳಿಗೆ ಬಿಡುತ್ತವೆಯಾದರೂ, ಆ ಕೋಶಗಳಿಗೂ ಗ್ಲೂಕೋಸ್ ಬೇಕು; ಅದು ಸಿಗದೆ, ಆಮ್ಲ ತುಂಬಿದ ಮತ್ತು ಆಮ್ಲಜನಕ ಕಡಿಮೆಯಾದ ಜಾಗದಲ್ಲಿ ಅವು ಬಳಲುತ್ತವೆ. ಇತ್ತ ರೋಗನಿರೋಧಕ ದಾಳಿಯನ್ನು ಹತ್ತಿಕ್ಕುವ ನಿಯಂತ್ರಕ ಟಿ ಕೋಶಗಳು ಅದೇ ಲ್ಯಾಕ್ಟಿಕ್ ಆಮ್ಲವನ್ನು ಬಳಸಿಕೊಂಡು ಬದುಕಬಲ್ಲವು.

ಎಲ್‌ಡಿಎಚ್ ಈ ಲ್ಯಾಕ್ಟಿಕ್ ಆಮ್ಲಕ್ಕೆ ಸಂಬಂಧಿಸಿದ ಕಿಣ್ವ. ಹರಡಿದ ಮೆಲನೋಮಾದ ಹಂತವನ್ನು ಗುರುತಿಸುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ, ಮತ್ತು ಅದು ಏರಿದವರಲ್ಲಿ ಚಿಕಿತ್ಸೆಯ ಫಲ ಸಾಮಾನ್ಯವಾಗಿ ಕಡಿಮೆ. ಆದರೂ ಯಕೃತ್ತಿನ ತೊಂದರೆಯಿಂದಲೂ, ರಕ್ತದ ಮಾದರಿ ಕೆಟ್ಟರೂ ಅದು ಏರುವುದರಿಂದ ಒಂದೇ ವರದಿಗೆ ಧೃತಿಗೆಡಬೇಡಿ.

ಹಾಗಾದರೆ ಚಯಾಪಚಯವನ್ನೇ ತಡೆಯಬಾರದೇ ಎಂದು ನೀವು ಕೇಳಬಹುದು. ಟಿ ಕೋಶಗಳಿಗೂ ಬೇಕಾದ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲವನ್ನು ಗೆಡ್ಡೆ ಬರಿದುಮಾಡದಂತೆ ತಡೆಯುವ ಎಪಕಾಡೊಸ್ಟಾಟ್ ಮಾತ್ರೆಯನ್ನು ಪೆಂಬ್ರೊಲಿಝುಮ್ಯಾಬ್ ಜೊತೆ ಕೊಟ್ಟು ನೋಡಿದ ದೊಡ್ಡ ಪ್ರಯೋಗ, ಬಹಳ ಭರವಸೆ ಹುಟ್ಟಿಸಿದ್ದರೂ, 2018ರಲ್ಲಿ ವಿಫಲವಾಯಿತು. ಆದ್ದರಿಂದ ಗೆಡ್ಡೆಯ ಚಯಾಪಚಯವನ್ನು ತಡೆಯುತ್ತದೆಂದು ಯಾರೋ ಹೇಳಿದರೆಂದು ಮಧುಮೇಹದ ಮಾತ್ರೆಯಾದ ಮೆಟ್‌ಫಾರ್ಮಿನ್ ಕೊಂಡು ನುಂಗಿಸಬೇಡಿ.

ಚಯಾಪಚಯ ಹಲವು ಕಾರಣಗಳಲ್ಲಿ ಒಂದು ಮಾತ್ರ. ಅಂಗಾಲಿನ ಮೆಲನೋಮಾ, ಬಿಸಿಲಿಗೆ ಬಿದ್ದ ಚರ್ಮದಲ್ಲಿ ಹುಟ್ಟುವುದಕ್ಕಿಂತ ಈ ಔಷಧಗಳಿಗೆ ಕಡಿಮೆ ಬಗ್ಗುತ್ತದೆ. ಬಿಆರ್‌ಎಎಫ್ ಮತ್ತು ಕೆಐಟಿ ವಂಶವಾಹಿಗಳ ಪರೀಕ್ಷೆ (ಔಷಧ ಆರಿಸಲು ನೆರವಾಗುವಂಥದ್ದು) ಆಗಿದೆಯೇ, ಇನ್ನೊಂದು ಇಮ್ಯುನೋಥೆರಪಿ ಔಷಧವಾದ ಇಪಿಲಿಮುಮ್ಯಾಬ್ ಸೇರಿಸಬಹುದೇ ಎಂದು ವೈದ್ಯರನ್ನು ಕೇಳಿ. ಇಮ್ಯುನೋಥೆರಪಿ ಅಪರೂಪಕ್ಕೆ ಮಧುಮೇಹವನ್ನೂ ತರುವುದರಿಂದ ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಿ. ಅದು ಸರಿಯಿದ್ದರೆ ಕಡಂಬುಟ್ಟಿಗೆ ಅಭ್ಯಂತರವಿಲ್ಲ.