ಹಳೇ ಕಂಪ್ಯೂಟರ್‌ನ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅನ್ನುತ್ತಿದೆ: ಚೆಕ್‌ಡಿಸ್ಕ್ ಓಡಿಸಲಾ, ಫಾರ್ಮ್ಯಾಟ್ ಮಾಡಲಾ?

ಡಿಸ್ಕ್ ತಪಾಸಣೆಯ ವಿಂಡೋಸ್ ಕಮಾಂಡ್ ಚೆಕ್‌ಡಿಸ್ಕೂ ಬೇಡ, ಎಲ್ಲ ಅಳಿಸುವ ಫಾರ್ಮ್ಯಾಟೂ ಬೇಡ. ಮೊದಲು ಆ ಕಂಪ್ಯೂಟರ್ ಆಫ್ ಮಾಡಿ. ಇದನ್ನು ಮೊಬೈಲ್‌ನಲ್ಲೇ ಓದಿ.

ಆನ್ ಆಗಲು ಕಾಲು ಗಂಟೆ, ಫೋಲ್ಡರ್ ತೆರೆದರೆ ನಿಂತೇ ಹೋಗುತ್ತದೆ, ಒಳಗಿಂದ ಟಿಕ್ ಟಿಕ್ ಸದ್ದು, ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊದಲ್ಲಿ ಎಚ್ಚರಿಕೆಯ ಹಳದಿ ಬಣ್ಣ, ಓದಲಾಗದ ಜಾಗಗಳ ಎಣಿಕೆಯಾದ ಸಿ5 ಎದುರು 38 ಅಂತ ಬರೆದಿದ್ದೀರಿ. 2019ರಲ್ಲಿ ತುಮಕೂರಿನ ನಮ್ಮ ಮನೆಯಲ್ಲೂ ಇದೇ ಕಥೆ. ಅಪ್ಪ ಮಂಡಿಪೇಟೆಯ ಮೂರು ಅಂಗಡಿಗಳ ಲೆಕ್ಕ ನೋಡಿಕೊಳ್ಳುತ್ತಿದ್ದರು. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಇದ್ದದ್ದು ಹಾಲ್ ಮೂಲೆಯ ಡೆಸ್ಕ್‌ಟಾಪ್‌ನಲ್ಲಿ, 500 ಜಿಬಿ ಡಿಸ್ಕ್. ಬ್ಯಾಕಪ್ ಇತ್ತು, ಇಲ್ಲ ಅನ್ನಲ್ಲ. ಆದರೆ ಅದೇ ಡಿಸ್ಕ್‌ನ ಡಿ ಡ್ರೈವ್‌ನಲ್ಲಿ! ಒಂದೇ ಬೀರುವಿನ ಎರಡು ಅರೆಯಲ್ಲಿ ದುಡ್ಡಿಟ್ಟು, ಕಳ್ಳ ಬಂದರೂ ಅರ್ಧ ಉಳಿಯುತ್ತೆ ಅಂದುಕೊಂಡ ಹಾಗೆ.

ಬಿ.ಎಚ್. ರಸ್ತೆಯ ರಿಪೇರಿ ಅಂಗಡಿಗೆ ಒಯ್ಯೋಣ ಅಂದರು ಅಪ್ಪ. ಬಿ.ಇ. ಓದಿದ ಮಗ ಮನೆಯಲ್ಲಿರುವಾಗ ಅಂಗಡಿ ಯಾಕೆ ಅಂದೆ ನಾನು. ತಿಂಗಳ ಜಿಎಸ್‌ಟಿ ರಿಟರ್ನ್ 3ಬಿ ಕಟ್ಟಲು 20ನೇ ತಾರೀಖು ಕೊನೆ, ಎರಡೇ ದಿನ ಉಳಿದಿತ್ತು. ರಾತ್ರಿ ಹತ್ತಕ್ಕೆ ಚೆಕ್‌ಡಿಸ್ಕ್ ಸ್ಲ್ಯಾಷ್ ಆರ್ ಕೊಟ್ಟು ಮಲಗಿದೆ.

ಆ ಒಂದು ಕಮಾಂಡ್ ಏನು ಮಾಡುತ್ತದೆ ಅಂತ ಗೊತ್ತಿದ್ದರೆ ಕೈ ಮುಟ್ಟುತ್ತಿರಲಿಲ್ಲ. ಹೆಸರು 'ಚೆಕ್' ಅಂತಿದೆ, ಆದರೆ ಅದು ಸುಮ್ನೆ ನೋಡಿ ಹೋಗುವುದಿಲ್ಲ. ಸ್ಲ್ಯಾಷ್ ಆರ್ ಅಂದರೆ ಅದರೊಳಗೆ ತಪ್ಪು ತಿದ್ದುವ ಸ್ಲ್ಯಾಷ್ ಎಫ್ ಕೂಡ ಸೇರಿದೆ. ಮೊದಲು ಫೈಲ್‌ಗಳ ಪಟ್ಟಿಯನ್ನು ತಿದ್ದುತ್ತದೆ. ಪಟ್ಟಿಯಲ್ಲಿ ಓದಲಾಗದ್ದನ್ನು, ತಾಳೆಯಾಗದ್ದನ್ನು ಕಿತ್ತುಹಾಕುತ್ತದೆ, ದಿಕ್ಕಿಲ್ಲದ ತುಣುಕುಗಳನ್ನು ಫೌಂಡ್.000 ಅನ್ನೋ ಫೋಲ್ಡರ್‌ಗೆ ತುಂಬುತ್ತದೆ. ತಿದ್ದಿದ್ದನ್ನು ಬರೆಯುವುದು ಎಲ್ಲಿಗೆ? ಸಾಯುತ್ತಿರುವ ಅದೇ ಡಿಸ್ಕ್‌ಗೆ. ಆಮೇಲೆ ಶುರು ನಿಜವಾದ ಹಿಂಸೆ. ಡಿಸ್ಕ್‌ನ ಒಂದೊಂದು ಸೆಕ್ಟರ್, ಅಂದರೆ ಡೇಟಾ ಇಡುವ ಪುಟ್ಟ ಪುಟ್ಟ ತುಂಡು ಓದುತ್ತದೆ, ಖಾಲಿ ಜಾಗವನ್ನೂ ಬಿಡುವುದಿಲ್ಲ. ಕೆಟ್ಟ ಸೆಕ್ಟರ್ ಸಿಕ್ಕಿದಲ್ಲೆಲ್ಲ ಡಿಸ್ಕ್ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಬೇನೆ ಬಿದ್ದ ಎತ್ತಿಗೆ ರಾತ್ರಿಯಿಡೀ ಗಾಣ ಎಳೆಸಿದ ಹಾಗಾಯಿತು. ನನಗೆ ಬೇಕಿದ್ದದ್ದು ಟ್ಯಾಲಿಯ ಒಂದು ಫೋಲ್ಡರ್, 2 ಜಿಬಿಯೂ ಇಲ್ಲ. ಡಿಸ್ಕ್‌ನ ಕೊನೆಯ ಉಸಿರನ್ನು ಖಾಲಿ ಜಾಗ ಓದಿಸಲು ಖರ್ಚು ಮಾಡಿದೆ.

ಬೆಳಗ್ಗೆ ಪರದೆ 27%ನಲ್ಲಿ ನಿಂತಿತ್ತು. "ಸರಿ ಹೋಯ್ತೇನೋ?" ಅಂತ ಕಾಫಿ ಲೋಟ ಹಿಡಿದು ಬಂದರು ಅಪ್ಪ. ಆಫ್ ಮಾಡಿ ಆನ್ ಮಾಡಿದೆ. ವಿಂಡೋಸ್ ಬರಲೇ ಇಲ್ಲ.

ಬೆಂಗಳೂರಿನ ಗೆಳೆಯನೊಬ್ಬ ಕೆಟ್ಟ ಡಿಸ್ಕ್‌ನಿಂದ ಪ್ರತಿ ತೆಗೆಯುವ ಡಿಡಿರೆಸ್ಕ್ಯೂ ಹಾಕಿ ಮೂರು ದಿನ ಎಳೆದ. ಎರಡು ಅಂಗಡಿಯ ಲೆಕ್ಕ ಪೂರ್ತಿ ಸಿಕ್ಕಿತು. ಮೂರನೆಯದರ ಆ ವರ್ಷದ ಡೇಟಾ ಫೌಂಡ್.000 ಒಳಗೆ ಚೂರುಚೂರು. ಅಪ್ಪ ಬಿಲ್ ಬುಕ್ ತರಿಸಿಕೊಂಡು ಎಲ್ಲವನ್ನೂ ಮತ್ತೆ ಎಂಟ್ರಿ ಮಾಡಿದರು. ತಡವಾಗಿದ್ದಕ್ಕೆ ದಿನಕ್ಕೆ 50 ರೂಪಾಯಿ ದಂಡ, ಅದನ್ನೂ ತಮ್ಮ ಜೇಬಿನಿಂದಲೇ ಕಟ್ಟಿದರು. ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಈಗ ನಿಮ್ಮ ವಿಷಯ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ನಾವು ಬದಲಾಯಿಸದಿದ್ದರೆ ಆ ಅಂಕಿಗಳನ್ನು ಹೆಕ್ಸ್‌ನಲ್ಲಿ, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ. ನಿಮ್ಮ 38 ಅಂದರೆ 56. ಅಷ್ಟು ಸೆಕ್ಟರ್ ಈಗ ಓದಲು ಬರುತ್ತಿಲ್ಲ. ಬರೀ ಡೇಟಾ ಸಾಗಣೆಯ ತಪ್ಪು ಎಣಿಸುವ ಸಿ7 ಏರಿದ್ದರೆ ಡಿಸ್ಕ್‌ನಿಂದ ಬೋರ್ಡ್‌ಗೆ ಹೋಗುವ ಸಾಟಾ ಕೇಬಲ್ ಬದಲಾಯಿಸಿ ನೋಡಿ ಅನ್ನುತ್ತಿದ್ದೆ. ಇದು ಕೇಬಲ್ ಅಲ್ಲ, ಡಿಸ್ಕೇ ಹೋಗುತ್ತಿದೆ. ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು. ಡಿಸ್ಕ್ ರಿಪೇರಿ ಮಾಡೋದು ಹೇಗೆ ಅಂತ ಕೇಳಬೇಡಿ, ಒಳಗಿರೋದನ್ನು ಹೊರಗೆ ತರೋದು ಹೇಗೆ ಅಂತ ಕೇಳಿ.

ಅಷ್ಟೇ ಅಥವಾ ಜಾಸ್ತಿ ಗಾತ್ರದ ಇನ್ನೊಂದು ಡಿಸ್ಕ್ ತನ್ನಿ. ವಿಂಡೋಸ್ ಬದಲು ಉಬುಂಟು ಇರುವ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಬೂಟ್ ಮಾಡಿ, ಹಳೇ ಡಿಸ್ಕ್ ಮೌಂಟ್ ಮಾಡದೆ, ಅಂದರೆ ಅದರ ಫೋಲ್ಡರ್ ತೆರೆಯದೆ, ಡಿಡಿರೆಸ್ಕ್ಯೂನಿಂದ ಹೊಸ ಡಿಸ್ಕ್‌ಗೆ ಪ್ರತಿ ಮಾಡಿ. ಅದು ಚೆನ್ನಾಗಿರುವ ಜಾಗವನ್ನು ಮೊದಲು ಎತ್ತಿಕೊಂಡು, ಕೆಟ್ಟದ್ದನ್ನು ಕೊನೆಗೆ ಮುಟ್ಟುತ್ತದೆ. ಎಲ್ಲಿವರೆಗೆ ಓದಿದೆ ಅಂತ ಬರೆದಿಡುವ ಮ್ಯಾಪ್ ಫೈಲ್ ಕೊಡುವುದನ್ನು ಮರೆಯಬೇಡಿ, ಕರೆಂಟ್ ಹೋದರೆ ನಿಂತಲ್ಲಿಂದ ಮುಂದುವರಿಸಬಹುದು. ನಮ್ಮ ಕಡೆ ಹೋಗೇ ಹೋಗುತ್ತೆ ಅಲ್ವಾ. ಚೆಕ್‌ಡಿಸ್ಕ್ ಹುಚ್ಚು ಬಿಡದಿದ್ದರೆ ಆ ಪ್ರತಿಯ ಮೇಲೆ ಓಡಿಸಿ.

ಕಂಪ್ಯೂಟರ್ ಆನ್ ಆದ ಕೂಡಲೇ ಬರುವ ಬಯಾಸ್ ಸೆಟ್ಟಿಂಗ್‌ನಲ್ಲೇ ಡಿಸ್ಕ್ ಕಾಣದಿದ್ದರೆ ಮನೆ ಮದ್ದು ಸಾಕು, ಡೇಟಾ ರಿಕವರಿ ಮಾಡುವವರಿಗೆ ಕೊಡಿ. ಫ್ರೀಜರ್‌ನಲ್ಲಿಡಿ ಅಂತ ಯಾರಾದರೂ ಹೇಳಿದರೆ ಅವರ ಡಿಸ್ಕ್ ಇಡಲು ಹೇಳಿ. ಹೊರಗೆ ತೆಗೆದ ಕೂಡಲೇ ನೀರು ಬೆವರುತ್ತದೆ. ಆಮೇಲೆ ಕಂಪ್ಯೂಟರ್‌ಗೆ ತಿರುಗುವ ಡಿಸ್ಕ್ ಬದಲು ಚಿಪ್ ಇರುವ ಒಂದು ಎಸ್‌ಎಸ್‌ಡಿ ಹಾಕಿ. ಹಳೇ ಬೋರ್ಡ್‌ಗೆ ದಂಡ ಅನ್ನುತ್ತಾರೆ, ಕೇಳಬೇಡಿ. ನಮ್ಮದು ಹಳೇ ನಿಧಾನದ ಸಾಟಾ 2 ಬೋರ್ಡ್, ಹಾಗಿದ್ದೂ ಹೊಸದರ ಹಾಗೆ ಓಡುತ್ತಿದೆ.

ಅಪ್ಪ ಈಗ ಪ್ರತಿ ಶನಿವಾರ ಲೆಕ್ಕವನ್ನು ಪೆನ್‌ಡ್ರೈವ್‌ಗೆ ತೆಗೆದು ದೇವರ ಮನೆಯಲ್ಲಿಡುತ್ತಾರೆ. ಆ ಹೊತ್ತಿಗೆ ನಾನು ಹತ್ತಿರ ಹೋದರೆ ಮೌಸ್ ಕೊಡುವುದಿಲ್ಲ.